ಹನ್ನೊಂದು ಕರುಣಮ್ಮಂದಿರು

ನಗು ಬರುವಂಥ ಸಂಗತಿಗಳು ನಾನು ಬೇಡವೆಂದರೂ ನನ್ನನ್ನು ಹುಡುಕಿಕೊಂಡು ಬರುತ್ತವೆ. ಮೂವತ್ತೈದು ವರ್ಷ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ, ದಿನಕ್ಕೊಂದಾದರೂ ಆಗುತ್ತಿತ್ತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವನಿಗೆ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನಗುತ್ತಿದ್ದಳು, ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು. ಈಗ ನಾನು ನಿವೃತ್ತಳು. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಗಂಗಾವತಿಯ ಈ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ರೊಟ್ಟಿ ಸೀಯುವುದಿಲ್ಲ. ಸಂಗತಿಗಳು ಮಾತ್ರ ನಿಂತಿಲ್ಲ. ಕೇಳುವವರು ಇಲ್ಲದ್ದಕ್ಕೆ ಬರೆಯುತ್ತಿದ್ದೇನೆ.

ಕಲ್ಲು ಕೊರೆಯುವವರ ಪ್ರಶ್ನೆ

ಅವ್ವನ ಸಮಾಧಿಗೆ ಒಂದು ಕಲ್ಲು ಹಾಕಿಸಬೇಕೆಂದು ಕಲ್ಲು ಕೊರೆಯುವವರ ಹತ್ತಿರ ಹೋದೆ. ಐವತ್ತರ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು, ಹುಬ್ಬಿನ ತುಂಬ ಕಲ್ಲಿನ ಪುಡಿ. ಹೆಸರು ಸಾರಮ್ಮ ಎಂದೆ, ಬರೆದುಕೊಂಡರು. ತೀರಿಕೊಂಡ ತಾರೀಖು ಹೇಳಿದೆ. ಹುಟ್ಟಿದ್ದು ಗೊತ್ತಿಲ್ಲ ಎಂದೆ. ಆ ಕಾಲದವರದು ಯಾರದೂ ಗೊತ್ತಿರುವುದಿಲ್ಲ ಬಿಡಿ ಎಂದರು. ಗಂಡನ ಹೆಸರು ಕೇಳಿದರು. ನಾನು ತೊಟ್ಟಿಲಲ್ಲಿದ್ದಾಗಲೇ ನಮ್ಮಪ್ಪ ಮನೆ ಬಿಟ್ಟು ಹೋದವನು. ಅವನ ಹೆಸರು ಕೊರೆಸಿದರೆ ಅವ್ವ ಎದ್ದು ಬರುತ್ತಾಳೆ ಎಂದೆ. ಹಾಗಾದರೆ ತಂದೆಯ ಹೆಸರು ಹೇಳಿ, ಯಾರ ಮಗಳು ಎಂಬ ಒಂದು ಸಾಲಾದರೂ ಬೇಕು, ಇಲ್ಲದಿದ್ದರೆ ಕಲ್ಲು ಬೋಳು ಬೋಳಾಗಿ ಕಾಣುತ್ತದೆ ಎಂದರು.

ಅವ್ವ ಮಿಷನ್ನಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಬೆಳೆದವಳು. ಮೂರು ವರ್ಷದ ಕೂಸಿದ್ದಾಗ ತಾಯಿ ತೀರಿಕೊಂಡಳೆಂದು ಯಾರೋ ತಂದು ಬಿಟ್ಟಿದ್ದರು. ತಾಯಿಯ ಹೆಸರು ಕರುಣಮ್ಮ ಎಂಬುದೊಂದೇ ಅವಳಿಗೆ ಗೊತ್ತಿತ್ತು. ತಂದೆ ಯಾರು, ಊರು ಯಾವುದು, ಯಾರೂ ಹೇಳಿರಲಿಲ್ಲ. ಬೋರ್ಡಿಂಗು ಎಂದೋ ಮುಚ್ಚಿತ್ತು. ನನಗೆ ಒಡಹುಟ್ಟಿದವರಿಲ್ಲ. ಅರವತ್ತೆರಡರ ವಯಸ್ಸಿನಲ್ಲಿ, ಒಂದು ಹೆಸರು ಕೇಳಲೆಂದು ಚೀಲದಿಂದ ಫೋನು ತೆಗೆದೆ. ಯಾರಿಗೆ ಮಾಡಬೇಕೆಂದು ತೋಚಲಿಲ್ಲ. ವಾಪಸ್ ಇಟ್ಟೆ.

ಅವರು ಅದನ್ನು ನೋಡಿದರೆಂದು ಕಾಣುತ್ತದೆ. ಉಳಿ ಕೆಳಗಿಟ್ಟು ಬಹಳ ಮೆತ್ತಗೆ ಹೇಳಿದರು:

"ಅವಸರ ಏನಿಲ್ರಿ. ಸಾವಕಾಶ ಹುಡುಕ್ಕೊಂಡು ಬರ್ರಿ. ಕಲ್ಲೂ ಎಲ್ಲಿಗೂ ಹೋಗೂದಿಲ್ಲ, ನಿಮ್ಮ ಅವ್ವಾರೂ ಎಲ್ಲಿಗೂ ಹೋಗೂದಿಲ್ಲ."

ಬೈಬಲ್ಲಿನೊಳಗಿನ ಕಾಗದ

ಅವ್ವನ ಬೈಬಲ್ಲಿನಲ್ಲಿ ಮಡಿಸಿಟ್ಟ ಒಂದು ಕಾಗದವಿತ್ತು. ಬೋರ್ಡಿಂಗು ಬಿಡುವ ದಿನ ಅಲ್ಲಿನ ಮೇಲ್ವಿಚಾರಕಿ ಮೇಟ್ರನ್ ಬಾಯಿ, ಇದು ನಿನಗೆ ಸಂಬಂಧಪಟ್ಟದ್ದು ಎಂದು ಕೊಟ್ಟದ್ದಂತೆ. ಅವ್ವ ಸಣ್ಣವಳಿದ್ದಾಗ ನಮ್ಮ ಕಡೆ ನಿಜಾಮರ ಆಳ್ವಿಕೆ, ಕಚೇರಿ ಕಾಗದವೆಲ್ಲ ಉರ್ದುವಿನಲ್ಲಿ. ಓದಲು ಅವಳಿಗೂ ಬರುತ್ತಿರಲಿಲ್ಲ, ನನಗೂ ಬರುವುದಿಲ್ಲ. ಅದು ತನ್ನ ಹುಟ್ಟಿನ ದಾಖಲೆ ಎಂದೇ ನಂಬಿದ್ದಳು. ನನಗೆ ಜ್ವರ ಬಂದರೆ, ಪರೀಕ್ಷೆ ಹತ್ತಿರ ಬಂದರೆ, ಆ ಕಾಗದದ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿದ್ದಳು. ಯಾರ ಹತ್ತಿರವೂ ಓದಿಸಲಿಲ್ಲ. ಓದಿಸಿದರೆ ಏನು ಬರುತ್ತದೋ ಎಂಬ ಅಂಜಿಕೆ ಇದ್ದಿರಬೇಕು.

ನಾನು ಅದನ್ನು ಕೊಪ್ಪಳಕ್ಕೆ ಒಯ್ದೆ. ಅಲ್ಲಿ ಉರ್ದು ಸಾಲೆಯ ನಿವೃತ್ತ ಮಾಸ್ತರೊಬ್ಬರಿದ್ದಾರೆ, ಅವರ ಸೊಸೆಯ ಹೆರಿಗೆ ನಮ್ಮ ವಾರ್ಡಿನಲ್ಲೇ ಆಗಿತ್ತು. ಮಾಸ್ತರು ಕೈ ತೊಳೆದು ಬಂದು ಕುಳಿತು ಕಾಗದ ಬಿಡಿಸಿದರು. ಒಮ್ಮೆ ಓದಿದರು. ಚಸ್ಮಾ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಕಾಗದ ಮಡಚಿ, ಮೊದಲು ಚಹಾ ಕುಡಿಯಿರಿ ಎಂದರು.

ರೋಗಿಯ ಕಡೆಯವರಿಗೆ ಮೊದಲು ಚಹಾ ಕುಡಿಯಿರಿ ಎಂದು ನಾನೂ ನೂರಾರು ಸಲ ಹೇಳಿದ್ದೇನೆ. ಅದರ ಹಿಂದಿನಿಂದ ಎಂಥ ಸುದ್ದಿ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಕಪ್ಪು ಕೆಳಗಿಟ್ಟೆ.

"ಸಿಸ್ಟರ್‌ರ, ಇದು ಫಿರ್ಯಾದಿ ಐತ್ರಿ," ಎಂದರು ಮಾಸ್ತರು. "ಬೋರ್ಡಿಂಗಿನ ಆಡು ಬಾಜೂ ತೋಟಕ್ಕ ಹೊಕ್ಕು ಬದನಿಗಿಡ ತಿಂದೈತಿ ಅಂತ."

ತೋಟದವನು ಕಚೇರಿಗೆ ಕೊಟ್ಟ ದೂರಿನ ನಕಲು ಅದು, ಬೋರ್ಡಿಂಗಿಗೆ ಕಳಿಸಿದ್ದು. ಒಟ್ಟು ಇಪ್ಪತ್ತೆರಡು ಗಿಡ ಹಾಳಾಗಿವೆ. ಆಡನ್ನು ಬಿಟ್ಟವಳು ಸಾರಾ ಎಂಬ ಹುಡುಗಿ, ಅಳವಂಡಿಯ ಕರುಣಮ್ಮನ ಮಗಳು. ಯಾಕೆ ಬಿಟ್ಟೆ ಎಂದು ಕೇಳಿದರೆ, ತಿಂದದ್ದು ಆಡು, ಅದನ್ನೇ ಕೇಳಿ ಎಂದು ಎದುರು ಮಾತನಾಡಿದ್ದಾಳೆ. ಇಷ್ಟೇ.

ಎಪ್ಪತ್ತು ವರ್ಷ ಅವ್ವ ಕೈಯಿಟ್ಟು ಪ್ರಾರ್ಥಿಸಿದ್ದು ಬದನೆಗಿಡಗಳ ಮೇಲೆ. ನನಗೆ ಅಲ್ಲೇ ನಗು ಬಂತು. ಮನೆಗೆ ಹೋಗಿ ಇದನ್ನು ಅವಳಿಗೆ ಹೇಳಬೇಕು ಎನ್ನಿಸಿದ ಮರುಕ್ಷಣವೇ ಅಳುವೂ ಬಂತು. ಮಾಸ್ತರಿಗೆ ನಾನು ಅತ್ತದ್ದು ಮಾತ್ರ ಕಂಡಿತು. ಏನಾದರೂ ಸಮಾಧಾನ ಹೇಳಲೇಬೇಕೆಂದು ಕಾಗದವನ್ನು ಮತ್ತೆ ಬಿಡಿಸಿ ಬೆಳಕಿಗೆ ಹಿಡಿದರು.

"ಕೈಬರಹ ಮಾತ್ರ ಭಾಳ ಛಲೋ ಐತ್ರಿ," ಎಂದರು.

ಮೇಜಿನ ಕಾಲು

ಊರು ಅಳವಂಡಿ ಎಂದು ಗೊತ್ತಾದ ಮೇಲೆ ದಾರಿ ಕಂಡಿತು. ನಮ್ಮ ದೇವಾಲಯಗಳಲ್ಲಿ, ಅಂದರೆ ಚರ್ಚುಗಳಲ್ಲಿ, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವನ್ನೂ ದೊಡ್ಡ ಪುಸ್ತಕದಲ್ಲಿ ಬರೆದಿಡುತ್ತಾರೆ. ಕ್ರೈಸ್ತರಾಗುವವರಿಗೆ ಕೊಡುವ ದೀಕ್ಷಾಸ್ನಾನದ ಸಾಲಿನಲ್ಲಿ ಹೊಸ ಹೆಸರು, ಹಳೆಯ ಹೆಸರು, ತಂದೆ, ಗಂಡ, ಊರು ಎಲ್ಲ ಇರುತ್ತವೆ. ಅಳವಂಡಿ ಕಡೆಯ ಹಳೆಯ ಪುಸ್ತಕ ಎಲ್ಲಿದೆ ಎಂದು ಕೇಳುತ್ತ ಹೋದೆ. ಬಹಳ ಹಿಂದೆ ವರ್ಗವಾಗಿ ಹೋದ ಪಾಸ್ಟರೊಬ್ಬರು ತಮ್ಮ ಪುಸ್ತಕಗಳ ಜೊತೆ ಅದನ್ನೂ ಕಟ್ಟಿಕೊಂಡು ಹೋದರೆಂದೂ, ಅದು ಕುಷ್ಟಗಿಯ ಒಂದು ಸಣ್ಣ ದೇವಾಲಯದಲ್ಲಿ ಉಳಿದಿದೆಯೆಂದೂ ತಿಳಿಯಿತು.

ಅಲ್ಲಿನ ಪಾಸ್ಟರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಕಪಾಟು ತೆಗೆದರು. ಕ್ರಿಸ್ಮಸ್ಸಿನ ನಕ್ಷತ್ರಗಳಿದ್ದವು, ಒಡೆದ ಮೈಕಿತ್ತು, ಪುಸ್ತಕ ಇರಲಿಲ್ಲ. ದೇವಾಲಯ ಕಾಯುವ ಅಜ್ಜನನ್ನು ಕೇಳಿದರು. ಅಜ್ಜ ಅಟ್ಟ ಹತ್ತಿ ಇಳಿದ. ಮೂವರೂ ಧೂಳು ಕೊಡವಿಕೊಂಡು ನಿಂತಾಗ, ಮೂಲೆಯಲ್ಲಿ ಹಾಡಿನ ಅಭ್ಯಾಸ ಮಾಡುತ್ತಿದ್ದ ಹಾರ್ಮೋನಿಯಂ ಬಾರಿಸುವ ಹೆಣ್ಣುಮಗಳು ಬಾರಿಸುವುದನ್ನು ನಿಲ್ಲಿಸದೆ ಗದ್ದದಿಂದ ಕೆಳಗೆ ತೋರಿಸಿದಳು.

ಹಾರ್ಮೋನಿಯಂ ಇಟ್ಟ ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ನಮ್ಮ ವಂಶವಿತ್ತು.

ಪುಸ್ತಕ ಎಳೆದುಕೊಂಡೆವು. ಹಾಡು ಶುರುವಾದ ಕೂಡಲೇ ಮೇಜು ಅಲುಗಾಡಿತು. ಭಾನುವಾರ ಸಭೆಯ ಮುಂದೆ ಹೀಗೆ ಬಾರಿಸಲು ನನಗಾಗದು, ಅಷ್ಟೇ ದಪ್ಪದ್ದು ಇನ್ನೊಂದು ಕೊಟ್ಟರೆ ಮಾತ್ರ ಪುಸ್ತಕ ಬಿಡುತ್ತೇನೆ ಎಂದು ಆಕೆ ಹಠ ಹಿಡಿದಳು. ಇಟ್ಟಿಗೆ ಇಟ್ಟರೆ ಎತ್ತರವಾಯಿತು. ಹಾಡಿನ ಪುಸ್ತಕ ಇಟ್ಟರೆ ತಗ್ಗಾಯಿತು. ಪಾಸ್ಟರು ತಮ್ಮ ವರದಿಗಳ ಕಡತ ತಂದರು, ಅದು ಕುಸಿಯಿತು. ಕೊನೆಗೆ ಆಕೆಯ ಕಣ್ಣು ನನ್ನ ಚೀಲದ ಮೇಲೆ ಬಿತ್ತು. ಅದರಲ್ಲಿ ನನ್ನ ಬುತ್ತಿಯ ಸ್ಟೀಲಿನ ಡಬ್ಬಿ ಇತ್ತು. ಅವ್ವ ಹೋದ ಮೇಲೆ ಕೊಂಡದ್ದು, ಒಬ್ಬರಿಗೆ ಆಗುವಷ್ಟು, ಸಣ್ಣದು. ಇಟ್ಟು ನೋಡಿದರು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

ಡಬ್ಬಿ ಇವತ್ತಿಗೂ ಅಲ್ಲೇ ಇದೆ. ಕೇಳಲು ಹೋದರೆ, ಡಬ್ಬಿ ಬಂದ ಮೇಲೆ ಸ್ವರ ಮೊದಲಿಗಿಂತ ಶುದ್ಧವಾಗಿದೆ ಎನ್ನುತ್ತಾಳೆ.

ಆವತ್ತು ಬಾಯಿಗೆ ಬಂದ ಹೆಸರು

ಪುಸ್ತಕದಲ್ಲಿ ಅಳವಂಡಿಯ ಪುಟಗಳು ಸಿಕ್ಕವು. ಮಸಿ ಮಾಸಿದ್ದರೂ ಓದಲು ಬರುತ್ತಿತ್ತು. ಹೆಸರುಗಳ ಮೇಲೆ ಬೆರಳಾಡಿಸುತ್ತ ಬಂದೆ. ಕರುಣಮ್ಮ ಸಿಕ್ಕಳು. ಅದರ ಕೆಳಗಿನ ಸಾಲಿನಲ್ಲಿ ಇನ್ನೊಬ್ಬ ಕರುಣಮ್ಮ. ಅದರ ಕೆಳಗೆ ಮತ್ತೊಬ್ಬಳು. ಎಣಿಸಿದೆ. ಒಂದೇ ಊರು, ಒಂದೇ ದಿನ, ಹನ್ನೊಂದು ಜನ ಕರುಣಮ್ಮಂದಿರು.

ದೇವಾಲಯ ಕಾಯುವ ಅಜ್ಜ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಇದು ಹೇಗೆ ಎಂದು ಅವನನ್ನೇ ಕೇಳಿದೆ. ಆವತ್ತು ದೀಕ್ಷಾಸ್ನಾನ ಕೊಟ್ಟವರು ಹೊರದೇಶದ ಪಾದ್ರಿ ಇದ್ದಿರಬೇಕು, ಕನ್ನಡ ಹೊಸದು, ಸಲೀಸಾಗಿ ಬಾಯಿಗೆ ಬರುತ್ತಿದ್ದ ಹೆಸರು ಇದೊಂದೇ ಆಗಿರಬೇಕು ಎಂದ. ಬರೆದವನು ಮಾತ್ರ ಪಾದ್ರಿಯ ಕೈಕೆಳಗಿನ ಇಲ್ಲಿಯ ಉಪದೇಶಿ, ಕೈಬರಹ ನಮ್ಮ ಕಡೆಯದೇ. ಹನ್ನೊಂದು ಜನರನ್ನು ನಾಳೆ ಗುರುತು ಹಿಡಿಯುವುದು ಹೇಗೆಂದು ಪಾಪ ಆ ಉಪದೇಶಿ ಯೋಚಿಸಿ, ಕೊನೆಯ ‘ವಿಶೇಷ’ ಎಂಬ ಖಾನೆಯಲ್ಲಿ ಒಂದೊಂದು ಮಾತು ಬರೆದಿದ್ದ. ಮೊದಲನೆಯ ಕರುಣಮ್ಮ, ಎತ್ತರ. ಎರಡನೆಯವಳು, ಎಡಗೈ. ಮೂರನೆಯವಳು, ನಗುವುದಿಲ್ಲ. ನಾಲ್ಕನೆಯವಳು, ಇವಳೂ ಎತ್ತರ, ಆದರೆ ಅಷ್ಟಿಲ್ಲ.

ಒಂಬತ್ತನೆಯ ಸಾಲಿನಲ್ಲಿ ನಮ್ಮವಳಿದ್ದಳು. ಹಳೆಯ ಹೆಸರು ದುರುಗವ್ವ. ತಂದೆ ಹನುಮಪ್ಪ. ಗಂಡ ಯೇಸುದಾಸ, ಅವನ ಹಳೆಯ ಹೆಸರು ಫಕೀರಪ್ಪ. ಜೊತೆಗೆ ಕೈಗೂಸು ಹೆಣ್ಣು, ಸಾರಾ. ವಿಶೇಷ: ಮಾತು ನಿಲ್ಲಿಸುವುದಿಲ್ಲ.

ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ. ಅವ್ವ ಅಲ್ಲಿ ಕೈಗೂಸಾಗಿದ್ದಳು. ಅವಳಿಗೆ ಅಪ್ಪನಿದ್ದ, ಅಜ್ಜನಿದ್ದ. ಇದನ್ನು ಅವಳು ಎಂದೂ ನೋಡಲಿಲ್ಲ. ಆಮೇಲೆ ನನಗೆ ಏನಾಯಿತೋ, ಮಾತು ಶುರುವಾಯಿತು. ಅವ್ವನ ಬೋರ್ಡಿಂಗು, ಆಡು, ಬದನೆಗಿಡ, ಸೀದ ರೊಟ್ಟಿ, ದವಾಖಾನೆ, ಎಲ್ಲವನ್ನೂ ಆ ಅಜ್ಜನಿಗೆ ಹೇಳಿದೆ. ಯಾರ ಜೊತೆಗೂ ಅಷ್ಟು ಮಾತಾಡಿ ಎರಡು ವರ್ಷವಾಗಿತ್ತು. ಅಜ್ಜ ನಿಂತೇ ಕೇಳಿದ, ಕಾಲು ಬದಲಿಸಿ ಕೇಳಿದ, ಕೊನೆಗೆ ಗೋಡೆಗೆ ಒರಗಿ ಕೇಳಿದ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದ:

"ಅಮ್ಮಾರ, ನೀವು ಪುಸ್ತಕ ನೋಡಬೇಕಾಗಿದ್ದಿಲ್ಲ ಬಿಡ್ರಿ. ಯಾವ ಕರುಣಮ್ಮನ ಮೊಮ್ಮಗಳು ಅಂತ ನಾನ ಹೇಳತಿದ್ದೆ."

ದೊರೆಯ ಬಲಗೈ

ಕಲ್ಲಿನ ಮೇಲೆ ಸಾಲು ಬಂತು: ಯೇಸುದಾಸ ಮತ್ತು ಕರುಣಮ್ಮನ ಮಗಳು. ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಸುದ್ದಿ ಹರಡಿತ್ತು. ಸಿಸ್ಟರ್ ಹಳೆಯ ಪುಸ್ತಕದಿಂದ ಸತ್ತವರನ್ನು ಹುಡುಕಿ ಕೊಡುತ್ತಾರಂತೆ ಎಂದು ಜನ ಬರತೊಡಗಿದರು.

ಗಂಗಾವತಿಯಲ್ಲಿ ನಮ್ಮ ಚರ್ಚಿನ ಸಭೆಯವರೇ ಒಬ್ಬರು ಅಕ್ಕಿ ಗಿರಣಿ ಇಟ್ಟಿದ್ದಾರೆ. ತಮ್ಮ ಮುತ್ತಜ್ಜ ಬಿಳಿಯ ಪಾದ್ರಿದೊರೆಯ ಬಲಗೈ ಆಗಿದ್ದನೆಂದು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಅದರ ದಾಖಲೆ ಸಿಕ್ಕರೆ ಚೌಕಟ್ಟು ಹಾಕಿಸಿ ಗಿರಣಿಯಲ್ಲಿ ತೂಗುಹಾಕಬೇಕೆಂದು ಅವರ ಆಸೆ. ಮತ್ತೆ ಕುಷ್ಟಗಿಗೆ ಹೋದೆ. ನಿಜ ಹೇಳಬೇಕೆಂದರೆ ಬಸ್ಸು ಹತ್ತಲು ಒಂದು ಕಾರಣ ಸಿಕ್ಕದ್ದೇ ನನಗೆ ಖುಷಿ.

ಮುತ್ತಜ್ಜ ಸಿಕ್ಕ. ಒಂದು ಮದುವೆಗೆ ಸಾಕ್ಷಿಯಾಗಿದ್ದ. ‘ದೊರೆಯವರ ಕುದುರೆ ಕಾಯುವವನು, ರುಜು ಮಾಡಲು ಬಾರದು, ಹೆಬ್ಬೆಟ್ಟು’ ಎಂದು ಬರೆದಿತ್ತು. ಬಂದು ಹೇಗೆ ಹೇಳಲಿ ಎಂದು ತಡವರಿಸುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಕ್ಕಿ ಚೀಲಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಕೇಳಿದರು:

"ಹೆಬ್ಬಟ್ಟು ಯಾವ ಕೈದ ಐತ್ರಿ? ಬಲಗೈದ ಇದ್ದರ ಸಾಕು."

ಅಭ್ಯಂತರ

ಕುದುರೆಯವನನ್ನು ಹುಡುಕುವಾಗ ಅಳವಂಡಿಯ ಆ ಪುಟ ಮತ್ತೆ ತೆರೆದುಕೊಂಡಿತು. ಅಲ್ಲಿ ನಾನು ಮೊದಲ ಸಲ ಗಮನಿಸದ ಒಂದು ಸಾಲು ಕಂಡಿತು. ಅದನ್ನು ಹೇಳಬೇಕಾದರೆ ಮೂವತ್ತೇಳು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಾನು ಯಲಬುರ್ಗಾದ ದವಾಖಾನೆಯಲ್ಲಿದ್ದೆ. ಅಲ್ಲಿನ ಸಭೆಯ ಒಬ್ಬ ಗಣಿತದ ಮಾಸ್ತರ ಜೊತೆ ನನಗೆ ಮದುವೆ ಗೊತ್ತಾಯಿತು. ನನಗೂ ಇಷ್ಟವಿತ್ತು ಎಂದಷ್ಟೇ ಬರೆದರೆ ಸಾಕು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯ ಮುಂದೆ ಪ್ರಕಟಣೆ ಓದುತ್ತಾರೆ, ಯಾರಿಗಾದರೂ ಅಭ್ಯಂತರವಿದ್ದರೆ ಹೇಳಲಿ ಎಂದು. ಮೊದಲನೆಯ ಭಾನುವಾರ ಓದಿದರು. ಎರಡನೆಯ ಭಾನುವಾರ ಓದಿ ಮುಗಿಸಿದ ಕೂಡಲೇ ಸಭೆಯ ಹಿರಿಯರೊಬ್ಬರು ಎದ್ದು ನಿಂತರು. ಹುಡುಗನ ತಾಯಿಯ ತಾಯಿ ಮಾರ್ತಮ್ಮ, ಹುಡುಗಿಯ ತಾಯಿಯ ತಾಯಿ ಕರುಣಮ್ಮ, ಇಬ್ಬರೂ ಒಡಹುಟ್ಟಿದ ಅಕ್ಕತಂಗಿಯರು, ಅಂದ ಮೇಲೆ ಇವರು ಅಣ್ಣ ತಂಗಿ ಆಗುತ್ತಾರೆ ಎಂದರು. ಸಭೆಯಲ್ಲಿ ಹಳೆಯದನ್ನು ಬಲ್ಲವರು ಅವರೊಬ್ಬರೇ. ಯಾರೂ ಮರುಪ್ರಶ್ನೆ ಮಾಡಲಿಲ್ಲ. ತನ್ನ ತಾಯಿಯನ್ನೇ ಅರಿಯದ ಅವ್ವ ಏನೆಂದು ವಾದಿಸಿಯಾಳು? ಮದುವೆ ನಿಂತಿತು.

ಆಮೇಲೂ ಸಂಬಂಧಗಳು ಬಂದವು, ನನಗೆ ಮನಸ್ಸಾಗಲಿಲ್ಲ. ಕೇಳಿದವರಿಗೆ ಡ್ಯೂಟಿ ಎಂದೆ. ಮಾಸ್ತರರ ಮದುವೆ ಮರುವರ್ಷ ಆಯಿತು. ತಂಗಿ ಎಂದು ಗೊತ್ತಾದ ಮೇಲೆ ತಂಗಿಯನ್ನು ಬಿಡುವುದು ಹೇಗೆ? ಹಬ್ಬಕ್ಕೆ ಕರೆಯುತ್ತಿದ್ದರು, ಹೋಗುತ್ತಿದ್ದೆ. ಅವರ ಇಬ್ಬರು ಮಕ್ಕಳೂ ಹುಟ್ಟಿದ್ದು ನನ್ನ ಕೈಯಲ್ಲೇ. ಅವರನ್ನು ಅಣ್ಣ ಎಂದು ಕರೆಯಲು ನನಗೆ ಒಂದು ವರ್ಷ ಹಿಡಿಯಿತು. ಆ ಹಿರಿಯರ ಜೊತೆ ಮಾತ್ರ ಮೂವತ್ತೇಳು ವರ್ಷ ಮಾತಾಡಲಿಲ್ಲ. ಅಜ್ಜಿಯ ಊರು ಕೇರಿ ಅವರನ್ನೇ ಕೇಳಬಹುದಿತ್ತಲ್ಲ ಎಂದರೆ, ಕೇಳದೇ ಹೋದದ್ದು ಇದಕ್ಕೇ. ಮಾಸ್ತರರಿಗೋ ತಮ್ಮ ಅಜ್ಜಿಯ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಪುಸ್ತಕದಲ್ಲಿ ಇದ್ದದ್ದು ಇಷ್ಟು: ‘ಮಾರ್ತಮ್ಮ, ತಂದೆ ದ್ಯಾಮಪ್ಪ, ಮೊದಲನೆಯ ಕರುಣಮ್ಮನ ಅಕ್ಕ.’ ಮೊದಲನೆಯ ಕರುಣಮ್ಮ ಎಂದರೆ ಎತ್ತರದವಳು. ಅವಳ ತಂದೆಯೂ ದ್ಯಾಮಪ್ಪ. ನಮ್ಮ ಅಜ್ಜಿ ಒಂಬತ್ತನೆಯವಳು, ಹನುಮಪ್ಪನ ಮಗಳು, ಮಾತು ನಿಲ್ಲಿಸದವಳು. ಹಿರಿಯರು ಹನ್ನೊಂದರಲ್ಲಿ ಒಬ್ಬಳನ್ನು ಇನ್ನೊಬ್ಬಳೆಂದು ತಿಳಿದಿದ್ದರು. ಮಾಸ್ತರರಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ.

ಆ ಪುಟದ ಫೋಟೋ ಫೋನಿನಲ್ಲಿಟ್ಟುಕೊಂಡು ಎರಡು ವಾರ ಸುಮ್ಮನಿದ್ದೆ. ಹೇಳಿ ಏನು ಪ್ರಯೋಜನ ಎನ್ನಿಸಿತು. ಹೇಳದೆ ಈ ಮನೆಯಲ್ಲಿ ಒಬ್ಬಳೇ ಇಟ್ಟುಕೊಂಡು ಕೂರಲೂ ಆಗಲಿಲ್ಲ. ಯಲಬುರ್ಗಾಕ್ಕೆ ಹೋದೆ. ಮಾಸ್ತರು, ಅವರ ಹೆಂಡತಿ ಇಬ್ಬರೂ ಇದ್ದರು. ಮಾಸ್ತರು ಫೋಟೋ ಎರಡು ಸಲ ಓದಿದರು. ಗಣಿತದವರಲ್ಲವೇ, ಬೆರಳಿನಿಂದ ಸಾಲು ಎಣಿಸಿ ಮೂರನೆಯ ಸಲವೂ ಓದಿದರು.

"ಇಷ್ಟು ವರ್ಷ ನಿಮ್ಮನ್ನ ತಂಗಿ ಅಂತ ಕರದೆನಲ್ರಿ," ಎಂದರು ಕೊನೆಗೆ.

"ದವಾಖಾನಿಯಾಗ ಎಲ್ಲಾರೂ ನನ್ನ ಸಿಸ್ಟರ್ ಅಂತನ ಕರದಾರ್ರಿ," ಎಂದೆ. "ಅದರಾಗ ನಿಮ್ದೂ ಒಂದು."

ಅವರ ಹೆಂಡತಿ ನನ್ನ ಪಕ್ಕಕ್ಕೆ ಬಂದು ಕುಳಿತು ಕೈ ಹಿಡಿದುಕೊಂಡಳು. ಇವರ ಗೊರಕೆಯನ್ನು ಇಷ್ಟು ವರ್ಷ ನಿಮ್ಮ ಬದಲಿಗೆ ನಾನು ಕೇಳಿದ್ದೇನೆ, ಅಷ್ಟಾದರೂ ಉಪಕಾರ ನೆನೆಯಿರಿ ಅಕ್ಕಾರ ಎಂದಳು. ನಕ್ಕೆವು. ಆದರೆ ಅವಳು ಕೈ ಬಿಡಲಿಲ್ಲ. ಆ ಹಿರಿಯರು ಇನ್ನೂ ಇದ್ದಾರೆ, ಎರಡು ಓಣಿ ಆಚೆ, ತೊಂಬತ್ತು ದಾಟಿದೆ, ಅವರಿಗೆ ಇದು ಗೊತ್ತಾಗಲೇಬೇಕು ಎಂದು ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಹೊರಟವಳೂ ಅವಳೇ.

ಹಿರಿಯರು ಕಟ್ಟೆಯ ಮೇಲೆ ಹೊರಸಿನಲ್ಲಿ ಕುಳಿತಿದ್ದರು. ಕಣ್ಣು ಮಂಜು, ಕಿವಿ ಮಂದ. ಮಾಸ್ತರರ ಹೆಂಡತಿಯೇ ಅವರ ಕಿವಿಯ ಹತ್ತಿರ ಬಾಯಿಟ್ಟು ಯಾರು ಬಂದಿದ್ದಾರೆಂದು ಹೇಳಿದಳು, ಪುಸ್ತಕದ ಸಾಲುಗಳನ್ನು ಒಂದೊಂದಾಗಿ ಕೂಗಿ ಹೇಳಿದಳು. ಮಾರ್ತಮ್ಮ, ದ್ಯಾಮಪ್ಪ, ಎತ್ತರದ ಕರುಣಮ್ಮ. ಮಾತಿನ ಕರುಣಮ್ಮ, ಹನುಮಪ್ಪ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ತುಟಿ ಅಲ್ಲಾಡುತ್ತಿತ್ತು.

ನಾನು ಕಾಯುತ್ತ ನಿಂತೆ. ಮೂವತ್ತೇಳು ವರ್ಷದಲ್ಲಿ ಅವರಿಗೆ ಹೇಳಬೇಕೆಂದು ಏನೇನೋ ಕೂಡಿಸಿಟ್ಟಿದ್ದೆ. ಆ ಮುದಿ ಮುಖ ನೋಡಿದ ಮೇಲೆ, ಜಾರಿದ್ದ ಅವರ ಶಾಲನ್ನು ಹೆಗಲಿಗೆ ಏರಿಸಿದೆ.

ಹೌದು, ಮಾರ್ತಮ್ಮನ ತಂಗಿ ಎತ್ತರದವಳೇ, ತಪ್ಪು ನನ್ನದೇ ಎಂದು ಅವರು ಒಪ್ಪಿಕೊಂಡರು. ನನ್ನ ಕಡೆ ಕೈ ಮುಗಿದರು. ಆಮೇಲೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮಾಸ್ತರರ ಹೆಂಡತಿ ಪಕ್ಕದಲ್ಲೇ ಕುಳಿತಿರುವಾಗ, ಸಭೆಗೆ ಹೇಳುವಂಥ ದೊಡ್ಡ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದರು:

"ಎರಡು ಐತವಾರ ಓದಿ ಆಗೈತಿ. ಇನ್ನ ಉಳದದ್ದು ಒಂದ. ನಂದೇನೂ ಅಭ್ಯಂತರ ಇಲ್ಲ, ಬರೋ ಐತವಾರ ಅದನ್ನೂ ಓದಿಸಿಬಿಡ್ರಿ."